ಯಾರೂ ಕಲಿಸದ ಅಧ್ಯಾಯ

ಕಾಲೇಜಿನ ಪಾಠಗಳಲ್ಲಿ ಒಂದು ವಿಚಿತ್ರ ಜಾತಿ ಇದೆ. ಅವು ಪುಸ್ತಕದಲ್ಲಿರುತ್ತವೆ, ಪ್ರಶ್ನೆಪತ್ರಿಕೆಯಲ್ಲೂ ಇರುತ್ತವೆ, ಕ್ಲಾಸಿನಲ್ಲಿ ಮಾತ್ರ ಇರುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಕಾಲೇಜೊಂದಕ್ಕೆ ಸಮಾಜಶಾಸ್ತ್ರ ಕಲಿಸಲು ಸೇರಿದಾಗ ಅಂಥದೊಂದು ಅಧ್ಯಾಯವಿತ್ತು: ‘ಲೈಂಗಿಕತೆ ಮತ್ತು ಸಮಾಜ’. ಹೆಣ್ಣು ಹೆಣ್ಣಾಗುವುದು, ಗಂಡು ಗಂಡಾಗುವುದು ಹುಟ್ಟಿನಿಂದ ಎಷ್ಟು, ಸಮಾಜ ಕಲಿಸಿದ್ದರಿಂದ ಎಷ್ಟು ಎಂಬ ವಿಚಾರ. ನಮ್ಮ ವಿಭಾಗದ ಮುಖ್ಯಸ್ಥರು ದೊಡ್ಡ ವಿದ್ವಾಂಸರೇ. ಆದರೆ ಈ ಪಾಠದ ದಿನ ಹುಡುಗಿಯರಿಗೆ ಕ್ಲಾಸಿಲ್ಲವೆಂದು ಜವಾನನ ಕೈಲಿ ಹೇಳಿಕಳಿಸಿ, ಹುಡುಗರಿಗೆ, “ಇದನ್ನ ಮನ್ಯಾಗ ಓದ್ಕೊಳ್ರಿ. ಆದ್ರ ಮನಿ ಮಂದಿ ಮುಂದ ಓದಬ್ಯಾಡ್ರಿ” ಎಂದು ಪುಟ ತಿರುವಿಬಿಡುತ್ತಿದ್ದರು.

ನಾನೂ ಅದೇ ಕಾಲೇಜಿನಲ್ಲಿ ಓದಿದವಳು. ಆಗ ಹುಡುಗಿಯರು ತಾವಾಗಿ ಕ್ಲಾಸಿಗೆ ಹೋಗಿ ಕೂಡುವ ಪದ್ಧತಿ ಇರಲಿಲ್ಲ. ಲೇಡೀಸ್ ರೂಮಿನಿಂದ ಬಂದು ಬಾಗಿಲ ಹೊರಗೆ ಗೋಡೆಗೆ ಒತ್ತಿ ನಿಂತು, ಮೇಷ್ಟ್ರು ಒಳಗೆ ಹೋದಮೇಲೆ ಅವರ ಬೆನ್ನ ಹಿಂದೆಯೇ ಹೋಗಬೇಕು. ಗಂಟೆ ಹೊಡೆದರೆ ಅವರ ಬೆನ್ನ ಹಿಂದೆಯೇ ಹೊರಗೆ ಬರಬೇಕು. ಇದು ನನ್ನ ಕಾಲಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಕೆಲಸಕ್ಕೆ ಸೇರಿದ ಮೊದಲ ದಿನ ಹಾಜರಿ ಪುಸ್ತಕ ಎದೆಗವುಚಿಕೊಂಡು ಹುಡುಗಿಯರ ಸಾಲಿನಲ್ಲೇ ನಿಂತುಬಿಟ್ಟೆ. ಮೇಷ್ಟ್ರು ಯಾಕೋ ತಡ ಮಾಡಿದರಲ್ಲ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಕೊನೆಗೆ ಹಿಂದಿನಿಂದ ಒಬ್ಬಳು, “ಮೇಡಮ್, ನೀವು ಒಳಗ ಹೋದ್ರ ನಾವೂ ಬರ್ತೀವ್ರಿ” ಎಂದಳು.

ಹಾಗೆಂದವಳು ನೀಲಮ್ಮ. ಸಿರುಗುಪ್ಪದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹುಡುಗಿ. ಕೊನೆಯ ವರ್ಷದ ಬಿ.ಎ.ಗೆ ಬಂದಾಗ ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದು, “ಮೇಡಮ್, ಆ ಅಧ್ಯಾಯದ ಪ್ರಶ್ನಿ ಪ್ರತಿ ವರ್ಷ ಬರತೈತಿ, ಪ್ರತಿ ವರ್ಷ ಹುಡುಗ್ಯಾರು ಬಿಟ್ಟು ಬರತಾರ. ಅದನ್ನ ಬಿಟ್ರ ನನಗ ಫಸ್ಟ್ ಕ್ಲಾಸ್ ಬರಂಗಿಲ್ಲ. ಬಂದ್ರ ಧಾರವಾಡಕ್ಕ ಎಂ.ಎ. ಓದಾಕ ಕಳಸ್ತೀನಿ ಅಂದಾನ ನಮ್ಮಪ್ಪ. ಬರದಿದ್ರ ಕುರುಗೋಡಿನ ವರಗ ಹ್ಞೂಂ ಅಂತಾನ” ಎಂದಳು. ವರ ಹೇಗಿದ್ದಾನೆ ಎಂದು ಕೇಳಿದೆ. “ಛಲೋ ಅದಾನ್ರಿ. ನನಗ ಬ್ಯಾಡ” ಎಂದಳು. ಅಷ್ಟು ಚೊಕ್ಕ ಉತ್ತರ ನಾನು ಪರೀಕ್ಷೆಯ ಪೇಪರಿನಲ್ಲೂ ನೋಡಿರಲಿಲ್ಲ. ಆ ಪಾಠ ನಾನು ಮಾಡಿಯೇ ತೀರುತ್ತೇನೆ, ಹುಡುಗ ಹುಡುಗಿಯರನ್ನು ಒಟ್ಟಿಗೇ ಕೂರಿಸಿ ಮಾಡುತ್ತೇನೆ ಎಂದು ಮುಖ್ಯಸ್ಥರಿಗೆ ಹೇಳಿದೆ. ಅವರು ತಡೆಯಲಿಲ್ಲ. “ಮಾಡ್ರಿ ತಾಯಿ. ಯಾವತ್ತು ಮಾಡ್ತೀರಿ ಅಂತ ಮೊದಲಽ ತಿಳಸ್ರಿ. ಅವತ್ತು ನಾ ರಜಾ ಹಾಕ್ತೀನಿ” ಎಂದರು.

ಹೇಳುವುದೇನೋ ಹೇಳಿದೆ. ಆದರೆ ಅಧ್ಯಾಯದ ಹೆಸರೇ ನನ್ನ ಬಾಯಿಂದ ಹೊರಡಲೊಲ್ಲದು. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಬೇಳೆ ಕುದಿಯುವ ಸದ್ದಿನ ಮರೆಯಲ್ಲಿ ಆ ಶಬ್ದವನ್ನು ಅಭ್ಯಾಸ ಮಾಡತೊಡಗಿದೆ. ಅತ್ತೆಗೆ ಕಿವಿ ಮಂದ ಎಂದು ನಮ್ಮ ಮನೆಯವರು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದರು. ಅದು ಶುದ್ಧ ಸುಳ್ಳೆಂದು ಅವತ್ತು ತಿಳಿಯಿತು. ದೇವರ ಮನೆಯಿಂದಲೇ ಅವರು, “ಇದನ್ನ ಕಲಸ್ಲಿಕ್ಕೂ ಪಗಾರ ಕೊಡ್ತಾರೇನವಾ?” ಎಂದರು. ಕೊಡುತ್ತಾರೆ ಎಂದೆ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, “ನಮಗ ಯಾರೂ ಏನೂ ಹೇಳಲಿಲ್ಲ. ಛಂದಾಗಿ ಹೇಳು” ಎಂದರು. ನನಗೆ ಕಣ್ಣಲ್ಲಿ ನೀರು ಬಂತು, ಈರುಳ್ಳಿಯ ಹೆಸರು ಹೇಳಿ ಒರೆಸಿಕೊಂಡೆ.

ಪಾಠದ ದಿನ ಕ್ಲಾಸು ಭರ್ತಿ. ಅರ್ಥಶಾಸ್ತ್ರದ ಹುಡುಗರೂ ಸಮಾಜಶಾಸ್ತ್ರದಲ್ಲಿ ಆಸಕ್ತಿ ತಾಳಿ ಬಂದು ಕೂತಿದ್ದರು. ನಾನು ತಲೆ ಎತ್ತಿ ಹೋಗಿ ಬೋರ್ಡಿನ ಮೇಲೆ ಅಧ್ಯಾಯದ ಹೆಸರು ಬರೆದೆ. “ಮೇಡಮ್, ಕಾಣಸಂಗಿಲ್ರಿ!” ಎಂದು ಹಿಂದಿನ ಬೆಂಚು ಕೂಗಿತು. ನೋಡುತ್ತೇನೆ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರ! ಹಲ್ಲು ಕಚ್ಚಿ ಅಳಿಸಿದೆ. ಬೋರ್ಡಿನ ಈ ತುದಿಯಿಂದ ಆ ತುದಿಗೆ ಬರೆದೆ. ಆಮೇಲೆ ಹೆದರಿಕೆ ಹೋಯಿತು. ಗಂಡು ಅಳಬಾರದು, ಹೆಣ್ಣು ಜೋರಾಗಿ ನಗಬಾರದು ಎಂಬುದು ಹುಟ್ಟುಗುಣವಲ್ಲ, ತೊಟ್ಟಿಲಿನಿಂದ ಕೊಟ್ಟ ತಾಲೀಮು ಎಂದೆ. ಆಸೆಯೂ ಸಹ ಇಬ್ಬರಿಗೂ ಇರುವುದೇ. ಒಬ್ಬರಿಗೆ ಅದನ್ನು ಮೀಸೆಯ ಹಾಗೆ ತೀಡಲು ಬಿಟ್ಟು, ಇನ್ನೊಬ್ಬರಿಗೆ ಸೆರಗಿನಲ್ಲಿ ಮುಚ್ಚಿಡಲು ಕಲಿಸಿದವರು ನಾವೇ ಎಂದೆ. ದೇಶನೂರಿನ ಹುಡುಗನೊಬ್ಬ ಎದ್ದು, “ನಾಚಿಕಿ ಅನ್ನೂದು ಹೆಣ್ಣಿನ ಗುಣ ಅಲ್ಲೇನ್ರಿ ಮೇಡಮ್?” ಎಂದು ನೆಲ ನೋಡುತ್ತ ಕೇಳಿದ. ಅವನ ಕಿವಿಗಳು ಕೆಂಪಾಗಿದ್ದವು. ನೀಲಮ್ಮ ಬರೆಯುವುದು ನಿಲ್ಲಿಸಿ ಅವನತ್ತ ತಿರುಗಿ, “ಲೇ, ತಲಿ ಎತ್ತಿ ಕೇಳಲೇ” ಎಂದಳು. ಇಡೀ ಕ್ಲಾಸು ನಕ್ಕಿತು, ಹುಡುಗಿಯರು ಎಲ್ಲರಿಗಿಂತ ಜೋರಾಗಿ.

ಪ್ರಶ್ನೆ ಬಂತು, ನೀಲಮ್ಮ ಬರೆದಳು, ಫಸ್ಟ್ ಕ್ಲಾಸೂ ಬಂತು. ಅವಳ ಅಪ್ಪ ಸಿರುಗುಪ್ಪದ ಅಕ್ಕಿಯ ಚೀಲ ಹೊತ್ತು ಮಗಳ ಸಂಗಡ ನಮ್ಮ ಮನೆಗೇ ಬಂದರು. “ಕುರುಗೋಡಿನವರಿಗೆ ಇಲ್ಲ ಅಂತ ಹೇಳಿ ಕಳಿಸೀನ್ರಿ. ಮಗಳು ಧಾರವಾಡಕ್ಕ ಹೊಂಟಾಳ. ಮಾತು ಅಂದ್ರ ಮಾತು” ಎಂದರು. ನಾನು ಗೆದ್ದೆ ಎನ್ನಿಸಿತು. ಅವರು ಕೈಮುಗಿದು, “ನಿಮ್ಮ ಪಾಠದ ಸುದ್ದಿ ಎಲ್ಲಾ ಕೇಳೀನಿ ತಾಯಿ. ಏನ್ ಧೈರ್ಯ, ಏನ್ ದನಿ! ಥೇಟ್ ಗಂಡಸರಂಗ!” ಎಂದರು. ಅಲ್ಲಿಯವರೆಗಿನ ನೌಕರಿಯಲ್ಲಿ ಯಾರೂ ಹೀಗೆ ಹೊಗಳಿರಲಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾಗಿ, ಒಳಗಿದ್ದ ನಮ್ಮ ಮನೆಯವರನ್ನು ಕರೆದು, “ಕೇಳಿದ್ರಾ, ಗಂಡಸರಂಗ ಅಂತ!” ಎಂದು ನೀಲಮ್ಮನ ಅಪ್ಪನ ಬಾಯಲ್ಲೇ ಇನ್ನೊಮ್ಮೆ ಹೇಳಿಸಿದೆ.

ನೀಲಮ್ಮ ನನ್ನನ್ನೇ ನೋಡುತ್ತಿದ್ದಳು. “ನಮ್ಮಪ್ಪ ಅಂದ್ರ ಅನ್ನಲಿ ಬಿಡ್ರಿ ಮೇಡಮ್, ಅವ ಆ ಪಾಠ ಕೇಳಿಲ್ಲ. ನೀವ್ಯಾಕ ಇಷ್ಟು ಖುಷಿ ಆದ್ರಿ?”

ನಾನು ಥಟ್ಟನೆ ಅವಳ ಅಪ್ಪನ ಕಡೆ ತಿರುಗಿ, ಅಕ್ಕಿ ಹೊಸದೋ ಹಳೆಯದೋ, ಅನ್ನಕ್ಕೆ ನೀರು ಎಷ್ಟಿಡಬೇಕು ಎಂದು ವಿಚಾರಿಸತೊಡಗಿದೆ.