ಲಂಡನ್ನಿನ ಹುಡುಗಿ ಸತ್ತ ದಿನ

ಇಂಗ್ಲಿಷ್ ಓದಿದವನ ಬಾಳಿನಲ್ಲಿ ಫಜೀತಿಗೆ ಬರವಿಲ್ಲ. ಓದಿದ್ದನ್ನು ನಾಲ್ಕು ಜನರಿಗೆ ಹೇಳಹೋದವನಿಗಂತೂ ಅದು ತಪ್ಪಿದ್ದಲ್ಲ. ನಿಜಾಮರ ಕಾಲದಲ್ಲಿ ನಾನು ಆಳಂದದ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರ. ಉಳಿದ ಪಾಠವೆಲ್ಲ ಉರ್ದುವಿನಲ್ಲಿ. ಓಣಿಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ, ಹಾಗಾಗಿ ನನ್ನ ತಪ್ಪು ಹಿಡಿಯುವವರೂ ಇರಲಿಲ್ಲ.

ಕುದುರೆ

ಕಲಬುರ್ಗಿಯಿಂದ ಇಟ್ಟಿಗೆಯಷ್ಟು ದಪ್ಪದ ಹಳೆಯ ಇಂಗ್ಲಿಷ್ ಕಾದಂಬರಿ ತಂದೆ. "ಜಗತ್ತೇ ಮೆಚ್ಚಿದ ಪುಸ್ತಕ" ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡು, ಡಿಕ್ಷನರಿ ಪಕ್ಕಕ್ಕಿಟ್ಟು ಕೂತೆ. ಮೊದಲ ಪುಟದಲ್ಲೇ ನಾಯಕ ಕುದುರೆಯೇರಿ ಬರುತ್ತಾನೆ. ಅವನ ಟೊಪ್ಪಿಗೆ, ಕೋಟು, ಜೀನು, ಲಗಾಮು ಎಲ್ಲಕ್ಕೂ ಅರ್ಥ ಹುಡುಕುವಷ್ಟರಲ್ಲಿ ವಾರ ಕಳೆಯಿತು. ಹೆಂಡತಿ ರೊಟ್ಟಿ ಬಡಿಯುತ್ತ ಕೇಳಿದಳು: "ಏನ್ರಿ, ನಿಮ್ಮ ಕುದುರಿಯಾಂವ ಇಳದನೋ ಇಲ್ಲೋ? ಕುದುರಿಗೆ ಒಂದೀಟು ಹುಲ್ಲರ ಹಾಕ್ರಿ."

ಅವಳ ಬಾಯಿಂದ ಒಮ್ಮೆಯಾದರೂ 'ಈ ಪುಸ್ತಕ ಚಲೋ ಅದ' ಎನಿಸಲೇಬೇಕೆಂದು ನನಗೆ ಹಟ ಬಂತು.

ಸೋದರಮಾವ

ನೆಲೋಗಿಯಿಂದ ಮಾವನವರು ಬಂದರು. ಅಳಿಯನ ವಿದ್ಯೆ ತೋರಿಸಲು ಇದೇ ಹೊತ್ತೆಂದು ಕಥೆ ಶುರುಮಾಡಿದೆ. ಬಡ ಹುಡುಗಿ, ಮದುವೆ ಕೂಡಿಬರುತ್ತಿಲ್ಲ. ಪತ್ರ, ಕುಣಿತ, ಅಪಾರ್ಥ, ಕಣ್ಣೀರು. ಹೆಂಡತಿಯೂ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಮಾವನವರು ಎಲೆಗೆ ಸುಣ್ಣ ಹಚ್ಚುತ್ತ, "ಆ ಹುಡುಗಿಗೆ ಸೋದರಮಾವ ಇಲ್ಲೇನ್ರಿ?" ಎಂದರು.

"ಇದ್ದಾನ್ರಿ."

"ಆತನ ಮಗಗ ಕೊಟ್ರ ಆತು!"

ಎಲೆ ಬಾಯಿಗಿಟ್ಟು ಎದ್ದೇಬಿಟ್ಟರು. ಇಂಗ್ಲಿಷರು ನಾನೂರು ಪುಟ ಒದ್ದಾಡಿದ್ದನ್ನು ನಮ್ಮ ಮಾವನವರು ಒಂದು ಎಲೆಯಲ್ಲಿ ಮುಗಿಸಿದರು.

ಸಾವು

ಕೊನೆಗೆ ಆ ಹುಡುಗಿ ಜ್ವರ ಬಂದು ಸತ್ತಳು. ಮನೆಯಲ್ಲಿ ಒಬ್ಬನೇ ಗಟ್ಟಿಯಾಗಿ ಓದುತ್ತಿದ್ದವನು ತಡೆಯಲಾರದೆ ಹೋ ಎಂದು ಅತ್ತೆ. ನಮ್ಮ ಓಣಿಗೆ ಇಂಗ್ಲಿಷ್ ಬರುತ್ತಿದ್ದದ್ದು ತಾರಿನಲ್ಲಿ, ಅಂದರೆ ಟೆಲಿಗ್ರಾಮಿನಲ್ಲಿ, ಮಾತ್ರ. ತಾರು ಬರುತ್ತಿದ್ದದ್ದು ಯಾರಾದರೂ ಸತ್ತಾಗ ಮಾತ್ರ. ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ ಇಂಗ್ಲಿಷನ್ನೂ ಅಳುವನ್ನೂ ಕೇಳಿ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದಲ್ಲ! ಹೆಂಡತಿ ಬಾವಿಯಿಂದ ಬರುವಷ್ಟರಲ್ಲಿ ಕಟ್ಟೆಯ ತುಂಬ ಜನ, ಬುಟ್ಟಿಯ ತುಂಬ ರೊಟ್ಟಿ, ಮೇಲೆ ಕಡಲೆಹಿಟ್ಟಿನ ಜುಣಕ.

"ಯಾರು ಹೋದರ್ರಿ, ಮಾಸ್ತರ?" ಎಂದಳು ಮುದುಕಿ.

"ಒಬ್ಬ ಹುಡುಗಿ, ಆಯಿ. ಲಂಡನ್ನಿನಾಕಿ."

ಹೆಂಡತಿ ಕೊಡ ಕುಕ್ಕಿದಳು. "ಯಾವಾಕಿ?"

"ಪುಸ್ತಕದಾಕಿ" ಎಂದೆ, ನೆಲ ನೋಡುತ್ತ.

ಮುದುಕಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ರೊಟ್ಟಿಬುಟ್ಟಿ ನೋಡಿದಳು. "ತಂದ ರೊಟ್ಟಿ ತಿರುಗಿ ಒಯ್ಯಬಾರದು, ತಿನ್ರಿ" ಎಂದು ಹೊರಟಳು. ಭೂಮಿ ಬಾಯಿಬಿಟ್ಟಿದ್ದರೆ ಪುಸ್ತಕ ಸಮೇತ ಇಳಿಯುತ್ತಿದ್ದೆ.

ಹೆಂಡತಿ ಒಂದೆರಡು ದಿನ ನನಗೆ ಆ ಸಾವಿನ ರೊಟ್ಟಿಯನ್ನೇ ಬಡಿಸಿದಳು. ಆಮೇಲೆ ಒಂದು ಸಂಜೆ ತಾನಾಗಿಯೇ ಎದುರು ಬಂದು ಕೂತಳು. "ಆಕಿ ಯಾಕ ಸತ್ಲು, ಮೊದಲಿಂದ ಹೇಳ್ರಿ. ಕುದುರಿ ಬಿಟ್ಟು ಹೇಳ್ರಿ."

ಹೇಳಿದೆ. ಕಥೆಯಲ್ಲಿ ಜ್ವರ ಬರುವ ಹೊತ್ತಿಗೆ ಹೆಂಡತಿಯ ಸೆರಗು ಕಣ್ಣಿಗೆ ಹೋಯಿತು. ಹುಡುಗಿ ಸಾಯುವ ಹೊತ್ತಿಗೆ ಅವಳ ಅಳು ನನ್ನದನ್ನೂ ಮೀರಿಸಿತ್ತು. ಬಿಕ್ಕುತ್ತಲೇ, "ಪುಸ್ತಕ ಚಲೋ ಅದ್ರಿ" ಎಂದಳು. ಗೆದ್ದೆನೆಂದು ನಾನು ಹಿಗ್ಗಿಹೋದೆ.

ಆಗ ಗೋಡೆಯಾಚೆಯಿಂದ ಮುದುಕಿಯ ದನಿ ಬಂತು: "ಮಾಸ್ತರ, ಅದೇ ಹುಡುಗಿ ಮತ್ತ ಸತ್ಲೇನ್ರಿ? ಇವತ್ತ ರೊಟ್ಟಿ ನೀವೇ ಬಡಕೋರಿ!"