ದಿನಕ್ಕೊಂದೋ, ವಾರಕ್ಕೊಂದೋ, ಎಮ್ಮೆ ಎದ್ದಾಗಲೋ

ರಿಟೈರ್ ಆದವರು ಸುಮ್ಮನೆ ಕೂತರೆ ಮನೆಯವರಿಗೆ ಕಷ್ಟ, ಏನಾದರೂ ಮಾಡಲು ಹೊರಟರೆ ಊರಿಗೆಲ್ಲ ಕಷ್ಟ. ನಾನು ಸ್ಟೇಷನ್ ಮಾಸ್ಟರ್ ಆಗಿದ್ದವನು, ಮನೆ ಕಡೂರಿನಲ್ಲಿ. ಕಾಲೇಜಿನಿಂದಲೂ ಗೆಳೆಯನಾದ ದನದ ಡಾಕ್ಟರು ಅಜ್ಜಂಪುರದಲ್ಲಿದ್ದಾನೆ, ಅವನೂ ರಿಟೈರ್ ಆದವನೇ, ಯಾರಾದರೂ ಕರೆದರೆ ಈಗಲೂ ದನ ನೋಡಲು ಓಡುತ್ತಾನೆ. ಇಬ್ಬರೂ ಸೇರಿ ನಮ್ಮ ಸರ್ವಿಸಿನ ಕಥೆಗಳದ್ದೇ ಒಂದು ಪಾಡ್‌ಕಾಸ್ಟ್ ಶುರುಮಾಡಿದೆವು. ಮೈಕು ಬಂತು, ಎಪಿಸೋಡನ್ನು ಫೋನಿನಿಂದ ಹೇಗೆ ಬಿಡಬೇಕೆಂದು ಮಗಳು ಕಲಿಸಿಕೊಟ್ಟಳು, ಮಾತಿಗಂತೂ ನಮ್ಮಲ್ಲಿ ಬರವಿಲ್ಲ. ಎಡವಟ್ಟಾದದ್ದೆಲ್ಲ ಒಂದೇ ಪ್ರಶ್ನೆಯಿಂದ: ಎಷ್ಟು ದಿನಕ್ಕೊಂದು ಬಿಡಬೇಕು? ಅದನ್ನು ಮೊದಲೇ ತೀರ್ಮಾನ ಮಾಡಿಕೊಂಡಿದ್ದರೆ... ಛೆ, ಈಗ ಹೇಳಿ ಏನು ಬಂತು!

ದಿನಕ್ಕೊಂದು

ಹೊಸ ಹುರುಪು ನೋಡಿ, ದಿನಾ ಬಿಟ್ಟೆವು. ಎರಡು ವಾರ ಕಳೆಯುವುದರೊಳಗೆ ಮೂವತ್ತೈದು ವರ್ಷದ ಸರ್ವಿಸು ಖಾಲಿ. ಡಾಕ್ಟರ ಕೈಯಲ್ಲಿ ಉಳಿದದ್ದು ಲಿಂಗದಹಳ್ಳಿಯ ಎಮ್ಮೆಯೊಂದೇ. ಕರು ಹಾಕಿ ನೆಲ ಹಿಡಿದಿದ್ದ ಆ ಎಮ್ಮೆ ಸತ್ತೇಹೋಯಿತೆಂದು ಮನೆಯವರೆಲ್ಲ ಅಳುತ್ತಿರುವಾಗ, ಇವನು ಕ್ಯಾಲ್ಸಿಯಂ ಏರಿಸಿದ್ದೇ ತಡ ಎದ್ದು ನಿಂತು ಕಲಗಚ್ಚು ಕುಡಿಯಿತಂತೆ. ಒಳ್ಳೆ ಕಥೆಯೇ. ಆದರೆ ಅದನ್ನೇ ಮತ್ತೆ ಮತ್ತೆ ಹೇಳಿದ. ನಮ್ಮ ಖಾಯಂ ಕೇಳುಗರಾದ ತರೀಕೆರೆಯ ಬಟ್ಟೆ ಅಂಗಡಿ ಸಾಹುಕಾರರು ಫೋನ್ ಮಾಡಿ ಬೇಜಾರಿನಿಂದಲೇ ಕೇಳಿದರು:

“ಏನ್ ಡಾಕ್ಟ್ರೇ, ಆ ಎಮ್ಮೆ ನಿನ್ನೆನೇ ಎದ್ದಿತ್ತಲ್ಲ. ಪಾಪ, ಇವತ್ತು ಯಾಕೆ ಮತ್ತೆ ಮಲಗಿಸಿದ್ರಿ?”

ವಾರಕ್ಕೊಂದು

ಸರಿ, ವಾರಕ್ಕೊಂದು ಅಂದುಕೊಂಡೆವು. ಎಪಿಸೋಡನ್ನು ಸಂತೆಯ ದಿನವೇ ಬಿಟ್ಟರೆ ಸುತ್ತಲ ಹಳ್ಳಿಯವರೆಲ್ಲ ಕಡೂರಿನಲ್ಲೇ ಸಿಗುತ್ತಾರೆ ಅನ್ನುವುದು ನನ್ನ ಬುದ್ಧಿವಂತಿಕೆ. ಪರಿಚಯದ ಈರುಳ್ಳಿ ವ್ಯಾಪಾರಿಯನ್ನು ಕಾಡಿ ಬೇಡಿ, ಅವನ ಸ್ಪೀಕರಿನಲ್ಲೇ ನಮ್ಮ ಎಪಿಸೋಡು ಹಾಕಿಸಿದೆ. ಜನ ನಿಂತರು ನೋಡಿ! ತಕ್ಕಡಿಯ ಮುಂದೆ ಅಷ್ಟು ಜನ ಸೇರಿದ್ದನ್ನು ನಾನು ಕಂಡೇ ಇರಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ, “ಹೆಂಗಪ್ಪಾ ನಮ್ ಪ್ರೋಗ್ರಾಮು?” ಅಂದೆ.

“ಚೆನ್ನಾಗೈತೆ ಸಾ. ಎಲ್ಲಾರೂ ನಿಂತ್ಕಂಡು ಕೇಳ್ತಾರೆ, ಯಾರೂ ಈರುಳ್ಳಿ ತಗಳಲ್ಲ. ಮುಂದಿನ ವಾರ ಆ ಕಡೆ ಟೊಮ್ಯಾಟೊ ಮಾರ್ತಾನಲ್ಲ, ಅವನ ಅಂಗಡೀಲಿ ಹಾಕ್ಸಿ. ಅವನ್ಗೆ ಬುದ್ಧಿ ಬರ್ಲಿ.”

ಟೈಮಿಗೆ ಸರಿಯಾಗಿ

ಆಮೇಲೆ ಶುಕ್ರವಾರ ಸಂಜೆ ಆರಕ್ಕೆ ಎಂದು ನಿಗದಿ ಮಾಡಿದೆ. ಡಾಕ್ಟರು ಒಪ್ಪಲಿಲ್ಲ. “ಹಸು ಕ್ಯಾಲೆಂಡರ್ ನೋಡ್ಕಂಡು ಈಯುತ್ತೇನೋ? ಕಥೆ ಬಂದಾಗ ಬಿಡಣ ಕಣೋ” ಅಂದ. “ರೈಲು ಹಂಗೆ ಹೊರಡಲ್ಲ ಕಣಯ್ಯಾ” ಅಂದೆ ನಾನು.

ಒಂದು ಶುಕ್ರವಾರ ಅವನು ಬರಲೇ ಇಲ್ಲ. ಫೋನೂ ಇಲ್ಲ. ಗಡಿಯಾರ ಆರರ ಹತ್ತಿರ ಬಂದಾಗ ನನ್ನೊಳಗಿನ ಸ್ಟೇಷನ್ ಮಾಸ್ಟರ್ ಎದ್ದು ಕೂತ. “ಡಾಕ್ಟರು ಇಂದು ಗೈರುಹಾಜರು, ಕಾರಣ ತಿಳಿಸಿಲ್ಲ” ಎಂದು ಒಬ್ಬನೇ ಎರಡು ಮಾತಾಡಿ ಬಿಟ್ಟುಬಿಟ್ಟೆ. ಅಂದಿನಿಂದ ಅವನು ಬರುವುದನ್ನೂ ನಿಲ್ಲಿಸಿದ, ಮಾತನ್ನೂ ನಿಲ್ಲಿಸಿದ. ಅವನೇ ಫೋನ್ ಮಾಡಲಿ ಅಂತ ನಾನು, ನಾನೇ ಮಾಡಲಿ ಅಂತ ಅವನು. ನಮ್ಮ ವಯಸ್ಸಿಗೆ ಒಂದೊಂದು ವಾರವೂ ದುಬಾರಿ, ತಿಂಗಳುಗಟ್ಟಲೆ ಸುರಿದುಬಿಟ್ಟೆವು. ಮನೆಯವಳು ಮೈಕಿನ ಧೂಳು ಒರೆಸುತ್ತಾ ಅಂದಳು: “ಟೈಮಿಗೆ ಸರಿಯಾಗಿ ಹೊರಟ್ರಿ ನಿಜ. ಪ್ಯಾಸೆಂಜರನ್ನೇ ಬಿಟ್ಟು ಹೊರಟ್ರಲ್ಲ!”

ಎಪಿಸೋಡೇ ಇಲ್ಲ

ಎಷ್ಟು ಕಾದರೂ ಎಪಿಸೋಡು ಬಾರದಿದ್ದಾಗ, ತರೀಕೆರೆಯ ಸಾಹುಕಾರರು ಬ್ರೆಡ್ಡು, ಎಳನೀರು ಹೊತ್ತು ನಮ್ಮ ಮನೆಗೆ ಬಂದರು. ರೋಗಿಯನ್ನು ಮಾತಾಡಿಸಿಕೊಂಡು ಹೋಗುವ ಮುಖ. ನಾನು ಕಾಯಿಕಡುಬು ತಿನ್ನುತ್ತಾ ಕೂತಿದ್ದೆ. “ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೀನಿ” ಅಂದೆ. “ಅಯ್ಯೋ, ಹಂಗಾದ್ರೆ ಡಾಕ್ಟ್ರಿಗೇ!” ಎಂದು ಬ್ರೆಡ್ಡು ನನಗೆ ಬಿಟ್ಟು, ಹೊಸ ಬ್ರೆಡ್ಡು ಕೊಂಡು ಅಜ್ಜಂಪುರಕ್ಕೆ ಹೋದರಂತೆ. ಅಲ್ಲಿ ಡಾಕ್ಟರೂ ಗಟ್ಟಿಮುಟ್ಟು. “ಹಂಗಾದ್ರೆ ಮಾಸ್ಟ್ರು ನನ್ನ ಹತ್ರ ಮುಚ್ಚಿಟ್ರು!” ಅಂದರಂತೆ.

ಸುದ್ದಿ ಬಾಯಿಂದ ಬಾಯಿಗೆ ಬೆಳೆದು, ಡಾಕ್ಟರಿಗೆ ಸೀರಿಯಸ್ ಅಂತ ನನ್ನ ಕಿವಿಗೆ ಬಿತ್ತು. ಫೋನ್ ಮಾಡಲು ಕೈ ಬರಲಿಲ್ಲ. ಯಾರು ಎತ್ತಿ ಏನು ಹೇಳುತ್ತಾರೋ. ಎಳನೀರು ಕಟ್ಟಿಕೊಂಡು, ಅಜ್ಜಂಪುರದ ರೈಲು ಹಿಡಿಯಲು ಬೀರೂರಿಗೆ ಓಡಿದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೇನೆ, ಆ ಕಡೆಯಿಂದ ಬಂದ ಗಾಡಿಯಿಂದ ಬ್ರೆಡ್ಡು ಹಿಡಿದು ಡಾಕ್ಟರು ಇಳಿಯುತ್ತಿದ್ದಾನೆ! ಕಣ್ಣು ಕೆಂಪಗಿತ್ತು.

“ಲೇ, ನೀನು ಐಸಿಯೂನಲ್ಲಿ ಇದೀಯ ಅಂದ್ರಲ್ಲೋ!”

“ನಿನ್ನನ್ನೂ ಹಂಗೇ ಅಂದ್ರು ಕಣೋ!”

ಬೆಂಚಿನ ಮೇಲೆ ಕೂತು ಆ ಬ್ರೆಡ್ಡನ್ನೇ ತಿಂದೆವು. ಆಗ ಹೇಳಿದ, ಆ ಶುಕ್ರವಾರದ ಕಥೆ. ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಲ್ಲಿ ಅಮೃತಮಹಲ್ ಹಸುವೊಂದಕ್ಕೆ ಕರು ಅಡ್ಡ ಸಿಕ್ಕಿತ್ತು. ಪ್ಯಾಂಟು ಹಾಕಿದವರನ್ನು ಅದು ಹತ್ತಿರ ಸೇರಿಸದು. ಇವನು ದನ ಕಾಯುವವನ ಕಂಬಳಿ ಹೊದ್ದು ಹೋಗಿ ಕರು ತೆಗೆದ. ಕಂಬಳಿ ಜಾರಿತು, ಜೇಬಿನ ಫೋನೂ ಬಿತ್ತು. ಹಸು ಅಟ್ಟಿಸಿಕೊಂಡು ಬಂತು. ಇವನು ಮರ ಹತ್ತಿದ.

“ಈ ವಯಸ್ಸಲ್ಲಿ ಹೆಂಗೋ ಹತ್ತಿದೆ?”

“ಹತ್ತಿದ್ದು ಗೊತ್ತಾಗ್ಲಿಲ್ಲ. ಇಳಿಯೋದು ಗೊತ್ತಾಗ್ಲಿಲ್ಲ. ಕೆಳಗೆ ಹಸು, ಕೊಂಬೆ ಮೇಲೆ ನಾನು. ಕಾಯೋನ ಫೋನಲ್ಲಿ ನೀನು: ‘ಡಾಕ್ಟರು ಗೈರುಹಾಜರು, ಕಾರಣ ತಿಳಿಸಿಲ್ಲ!’”

ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು. ಅಷ್ಟರಲ್ಲಿ ನನ್ನ ರೈಲು ಹೊರಟುಹೋಗಿತ್ತು. ಜೀವನದಲ್ಲಿ ಮೊದಲ ಸಲ ರೈಲು ತಪ್ಪಿಸಿಕೊಂಡೆ, ಅದಕ್ಕೆ ಬೇಸರವಿಲ್ಲ. ಬೇಸರವೆಂದರೆ, ಅಂಥ ಕಥೆ ಹೇಳುವಾಗ ಫೋನು ಜೇಬಿನಲ್ಲೇ ಇತ್ತು, ರೆಕಾರ್ಡ್ ಮಾಡಬೇಕೆಂದು ಹೊಳೆಯಲೇ ಇಲ್ಲ. ಮಾರನೇ ದಿನ ಮೈಕಿನ ಮುಂದೆ ಕೂರಿಸಿ, “ಆ ಹಸೂದು ಹೇಳೋ” ಅಂದೆ. ಗಂಟಲು ಸರಿಮಾಡಿಕೊಂಡು ಶುರುಮಾಡಿದ: “ಲಿಂಗದಹಳ್ಳಿಯಲ್ಲಿ ಒಂದು ಎಮ್ಮೆ...”

ನಿಲ್ಲಿಸಲಿಲ್ಲ. ಮಲಗಲಿ, ಏಳಲಿ, ಕಲಗಚ್ಚು ಕುಡಿಯಲಿ ಎಂದು ಪೂರ್ತಿ ಬಿಟ್ಟೆ.

ಎಷ್ಟು ದಿನಕ್ಕೊಂದು ಬಿಡಬೇಕೆಂದು ಕೊನೆಗೆ ತೀರ್ಮಾನಿಸಿದವರು ತರೀಕೆರೆಯ ಸಾಹುಕಾರರೇ. ಎಪಿಸೋಡು ಕೇಳಿದ ತಕ್ಷಣ ಫೋನ್ ಮಾಡಿದರು:

“ಮಾಸ್ಟ್ರೇ, ವಾರಕ್ಕೊಂದು ಬಿಡಿ. ಅದೇ ಎಮ್ಮೆ ಆದ್ರೂ ಪರವಾಗಿಲ್ಲ. ನೀವಿಬ್ರೂ ಬದುಕಿದೀರಿ ಅಂತ ಗೊತ್ತಾದ್ರೆ ಸಾಕು, ಎಳನೀರು ಹೊರೋಕೆ ನನ್ನ ಸೊಂಟ ಇನ್ನು ತಡೆಯಲ್ಲ!”