ಚಪ್ಪಾಳೆಗೆ ಬರುವ ಹಕ್ಕಿ

“ಅಯ್ಯೋ ದೇವರೇ, ಈಗ ಚಪ್ಪಾಳೆ ತಟ್ಟಿದ್ದು ಯಾರು?”

ಕೇಳಿದ್ದಕ್ಕೆ ಉತ್ತರ ಕೊಡಲು ಮನೆಯಲ್ಲಿ ಯಾರೂ ಇರಲಿಲ್ಲ. ಅಬಿಲಿಯೊ ಒಂಟಿ ಮನುಷ್ಯ. ಒಂದು ಕೆನ್ನೆಯ ಕ್ಷೌರ ಮುಗಿದಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ ಹಾಗೇ ಇತ್ತು. ಅರೆಗಳಿಗೆಯ ಹಿಂದೆ ಕಿಟಕಿಯ ಅಡ್ಡಗೋಲಿನ ಮೇಲೆ ಕೂತು ಜೋಳದ ತೆನೆ ಬಿಡಿಸುತ್ತಿದ್ದ ಅವನ ಗಿಳಿ ಪಿತೊಂಬಾ ಈಗ ಅಲ್ಲಿರಲಿಲ್ಲ. ತೆನೆ ನೆಲದ ಮೇಲಿತ್ತು, ಕೋಲು ಇನ್ನೂ ತೂಗುತ್ತಿತ್ತು.

ಗೇಟಿನ ಕಡೆಯಿಂದ “ಹಲ್ಲೆಲೂಯಾ!” ಎಂಬ ಕೂಗು ಕೇಳಿತು.

ಅಬಿಲಿಯೊ ಕ್ಷೌರದ ಕತ್ತಿ ಹಿಡಿದುಕೊಂಡೇ ಓಡಿದ. ಮನೆಮನೆಗೆ ಸುವಾರ್ತೆ ಹೇಳುತ್ತ ಬರುವ ಹೆಂಗಸೊಬ್ಬಳು ಗೇಟಿನಾಚೆ ಕಣ್ಣು ಮುಚ್ಚಿ, ಎರಡೂ ಕೈ ಆಕಾಶಕ್ಕೆತ್ತಿ ನಿಂತಿದ್ದಳು. ಅವಳ ತುರುಬಿನ ಮೇಲೆ ಪಿತೊಂಬಾ ಕೂತಿತ್ತು.

“ಇಳಿದು ಬಂತು ಸೋದರ! ನನ್ನ ತಲೆ ಮೇಲೆ ಪವಿತ್ರಾತ್ಮ ಇಳಿದು ಬಂತು!”

“ಇಲ್ಲಮ್ಮ, ಅದು ನಮ್ಮನೆ ಮರಕನಾ.”

ಆಕೆ ಒಂದು ಕಣ್ಣು ತೆರೆದಳು. ಮೊದಲು ಕಂಡದ್ದು ಕತ್ತಿ. ಆಮೇಲೆ ಹಣೆಯ ಮೇಲೆ ಇಳಿಬಿದ್ದ ಹಸಿರು ಬಾಲ.

“ಪಾರಿವಾಳದ ಹಾಗೆ ಅಂತ ಓದಿದೀನಿ,” ಎಂದಳು ನಿಧಾನವಾಗಿ. “ಹಸಿರು ಅಂತ ಎಲ್ಲೂ ಬರೆದಿಲ್ಲ.”

“ಕಿವಿಯೋಲೆ ಜೋಪಾನ,” ಅಂದ ಅಬಿಲಿಯೊ.

ತಪ್ಪು ಹಕ್ಕಿಯದಲ್ಲ. ಮಕಾವ್ ಗಿಳಿಗಳ ವಂಶದಲ್ಲಿ ಮರಕನಾ ಎಂದರೆ ಗಿಡ್ಡ ದಾಯಾದಿ. ಮೈಯೆಲ್ಲ ಹಸಿರು, ಹೆಗಲಿನಲ್ಲಿ ಚಿಟಿಕೆ ಕೆಂಪು, ಕಣ್ಣಿನ ಸುತ್ತ ಬೋಳು ಬಿಳಿ ಚರ್ಮ. ದೇಹ ಒಂದು ಮಾವಿನಕಾಯಿಯಷ್ಟು, ಗಂಟಲು ಮಾತ್ರ ತೊಕಾಂತಿನ್ಸ್ ನದಿಯ ದೋಣಿಯ ಹಾರನ್ನಿನಷ್ಟು. ಕಾಲಿಗೆ ಪರವಾನಗಿಯ ಉಂಗುರವಿದ್ದ, ಕಾಗದಪತ್ರ ಸರಿಯಿದ್ದ ಈ ಮರಿಯನ್ನು ಮನೆಗೆ ತಂದ ದಿನದಿಂದ ಅಬಿಲಿಯೊನನ್ನು ಒಂದೇ ಕುತೂಹಲ ಹಿಡಿದಿತ್ತು: ಇಷ್ಟು ಪುಟ್ಟ ತಲೆಯೊಳಗೆ ಏನು ನಡೆಯುತ್ತದೆ?

ಹಗಲೆಲ್ಲ ಊರಿನವರ ಕೆಟ್ಟ ಫ್ಯಾನುಗಳನ್ನು ಬಿಚ್ಚಿ ಜೋಡಿಸುವುದು ಅವನ ಕಸುಬು. ಫ್ಯಾನಿನೊಳಗೆ ಏನಿದೆಯೆಂದು ತಿರುಪು ತೆಗೆದರೆ ತಿಳಿಯುತ್ತದೆ. ಹಕ್ಕಿಗೆ ತಿರುಪಿಲ್ಲ. ಮೊದಮೊದಲು ಅದು ಬೆರಳು ಬೆರಳನ್ನೂ ಕಚ್ಚಿತು. ಅವನು ಕೈ ಕೊಸರಲಿಲ್ಲ, ಗದರಲಿಲ್ಲ. ಸಂಜೆ ಪಂಜರದ ಪಕ್ಕ ಕೂತು ತಗ್ಗಿದ ದನಿಯಲ್ಲಿ ಸಂತರ ನಾಮಾವಳಿ ಓದಿದ. “ನಮಗಾಗಿ ಪ್ರಾರ್ಥಿಸು” ಎಂಬ ಸೊಲ್ಲು ಬಂದಾಗಲೆಲ್ಲ ಹಕ್ಕಿ ತಲೆ ಕುಣಿಸಿತು. ಆಮೇಲೆ ಬೆರಳ ಮೇಲೆ ಹತ್ತಿತು. ಆಮೇಲೆ ಹೆಗಲೇರಿ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಕಿತ್ತು ಕೊಟ್ಟಿತು. ಅದಕ್ಕೆ ಹಣ್ಣು, ಸೊಪ್ಪು, ಬೇಯಿಸಿದ ಜೋಳ ಯಾವಾಗ ಬೇಕಾದರೂ ಸಿಗುತ್ತಿತ್ತು. ಸೂರ್ಯಕಾಂತಿ ಬೀಜ ಮಾತ್ರ ಪಾಠದ ಹೊತ್ತಿಗಷ್ಟೇ.

ಹೆಸರು ಹಿಡಿದು ಕರೆದರೆ ಪಿತೊಂಬಾ ಹೊರಳಿ ನೋಡುತ್ತಿರಲಿಲ್ಲ. ಚಪ್ಪಾಳೆ ತಟ್ಟಿದರೆ ಕತ್ತು ಚಾಚುತ್ತಿತ್ತು. ಹಾಗಾದರೆ ಚಪ್ಪಾಳೆಯೇ ಆಗಲಿ ಎಂದು ಅಬಿಲಿಯೊ ಹಟ ಹಿಡಿದು ಕಲಿಸಿದ. ತಟ್ಟಿದರೆ ಹಾರಿ ಬರಬೇಕು, ಬಂದರೆ ಒಂದು ಬೀಜ. ಕಲಿತ ಮೇಲೂ ಅವನ ಕುತೂಹಲ ತಣಿಯಲಿಲ್ಲ. ಬೆನ್ನ ಹಿಂದೆ ತಟ್ಟಿ ನೋಡಿದ, ಬಂತು. ಬಾಗಿಲ ಮರೆಯಿಂದ ತಟ್ಟಿದ, ಬಂತು. ಎರಡು ಚಪ್ಪಲಿ ಹಿಡಿದು ಬಡಿದ. ಸಂಬಂಧವಿಲ್ಲದವರನ್ನು ನೋಡುವಂತೆ ನೋಡಿತು. ಅಂಗಳದ ಮಾವಿನ ಮರದ ತುದಿಯಿಂದಲೂ ಅದು ಬಾಣದಂತೆ ಬಂದು ಇಳಿದ ದಿನ ಅವನಿಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಒಂದನ್ನು ಮಾತ್ರ ಮರೆತಿದ್ದ. ನದಿದಡದ ಈ ಕರೋಲಿನಾ ಊರಿನಲ್ಲಿ ಯಾರ ಗೇಟಿಗೂ ಗಂಟೆಯಿಲ್ಲ. ಯಾರ ಮನೆಗೆ ಯಾರೇ ಬಂದರೂ ಗೇಟಿನ ಹೊರಗೆ ನಿಂತು ಕೈ ತಟ್ಟಿಯೇ ಕರೆಯಬೇಕು.

ಸುವಾರ್ತೆಯ ಹೆಂಗಸನ್ನು ಕಳಿಸಿ ಬಂದು ಇನ್ನೊಂದು ಕೆನ್ನೆ ಕೆರೆಯುವಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಬಂದ, ತಟ್ಟಿದ, ಸಿಲಿಂಡರ್ ಬಿಟ್ಟು ಓಡಿದ. ಅದು ಇಳಿಜಾರಿನಲ್ಲಿ ಉರುಳಿ ಚರ್ಚಿನ ಮೆಟ್ಟಿಲ ತನಕ ಹೋಯಿತು.

ಇಷ್ಟಕ್ಕೇ ನಿಂತಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತು. ಆದರೆ ಅಂದು ಅವನು ಬಾಡಿಗೆಗಿದ್ದ ವಠಾರದ ಒಡತಿ ದೋನಾ ಫಿಲೊಮೆನಾಗೆ ಎಪ್ಪತ್ತು ತುಂಬುವ ದಿನ. ಬೆಳಿಗ್ಗೆಯೇ ಚರ್ಚಿನ ಪೂಜೆ ಮುಗಿಸಿಕೊಂಡು, ಕೂದಲು ಸುರುಳಿ ಮಾಡಿಸಿಕೊಂಡು ಆಕೆ ಬಂದರು. ಆ ಕೂದಲು ಸಂತೆಯ ಹೂಕೋಸಿನಂತೆ ಅರಳಿತ್ತು. ಅಂಗಳದಲ್ಲಿ ಕೋಳಿಗಳು ಒಗೆದ ಬಟ್ಟೆಯ ಮೇಲೆ ಓಡಾಡುತ್ತಿದ್ದವು. ದೋನಾ ಫಿಲೊಮೆನಾ ಕೈ ತಟ್ಟಿ “ಶೂ! ಶೂ!” ಎಂದರು. ಕೋಳಿಗಳು ಹೋದವು, ಪಿತೊಂಬಾ ಬಂತು.

ಹೂಕೋಸಿನೊಳಗಿಂದ ಅದನ್ನು ಬಿಡಿಸಲು ಪಕ್ಕದ ಮನೆಯ ಟೈಲರ್ ಜುಲೈದಿ ಕತ್ತರಿ ತಂದಳು. ಕತ್ತರಿ ಕಂಡ ದೋನಾ ಇನ್ನಷ್ಟು ಕಿರುಚಿದರು. ಪಿತೊಂಬಾ ಕೂಡ ಅಷ್ಟೇ ಶ್ರದ್ಧೆಯಿಂದ ಕಿರುಚಿತು.

“ಕೇಳಿಲ್ಲಿ ಮಗನೇ,” ಎಂದರು ದೋನಾ, ಬಿಡುಗಡೆಯಾದ ಮೇಲೆ. “ಇವತ್ತು ಅದು ಇನ್ನೊಂದೇ ಒಂದು ತಲೆ ಮೇಲೆ ಕೂರಲಿ. ನಾಳೆ ನನ್ನ ತಮ್ಮನ ದೋಣೀಲಿ ಆಚೆ ದಡದ ತೋಟಕ್ಕೆ ಕಳಿಸಿಬಿಡ್ತೀನಿ. ಅಲ್ಲಿ ಬೆಕ್ಕುಗಳ ಹಿಂಡೇ ಇದೆ.”

“ದೋನಾ, ಅದಿಲ್ಲದೆ ನಾನು—”

“ಅದಿಲ್ಲದೆ ಇರೋಕಾಗಲ್ಲ ಅಂದ್ರೆ ನೀನೂ ಅದೇ ದೋಣಿ ಹತ್ತು. ಜಾಗ ಇದೆ.”

ಹಿಂದೆಯೇ ಉಪದೇಶದ ಸುರಿಮಳೆ. ಎದುರುಮನೆಯ ಮುದುಕ ಒನೊರಾತು ಹಿಂದೆ ದೋಣಿ ನಡೆಸಿದವನು, ಈಗ ಬೀದಿಯನ್ನೇ ನಡೆಸುತ್ತಿದ್ದ.

“ಕೊಂಪಾದ್ರೆ, ರೆಕ್ಕೆ ಕತ್ತರಿಸಿಬಿಡು,” ಎಂದ ಹಳೆಯ ಗೆಳೆಯನ ಸಲಿಗೆಯಲ್ಲಿ.

“ಬೇಡಪ್ಪ. ಹಾರೋದು ಕಲಿಸಿದವನೇ ನಾನು.”

“ಕಿವಿಗೆ ಹತ್ತಿ ಇಡಿ,” ಎಂದಳು ಜುಲೈದಿ.

“ಯಾರ ಕಿವಿಗೆ?”

“ಹಕ್ಕಿದು ಸಿಗಲಿಲ್ಲಾಂದ್ರೆ ನಿಮ್ಮದಕ್ಕೇ ಇಟ್ಕೊಳ್ಳಿ. ಬೈಗುಳ ಆದ್ರೂ ಕೇಳಿಸಲ್ಲ.”

ಪಂಜರದಲ್ಲಿ ಕೂಡಿಹಾಕುವುದು ಸುಲಭದ ದಾರಿ. ಅಬಿಲಿಯೊ ಚಿಲಕಕ್ಕೆ ತಂತಿ ಸುತ್ತಿದ. ಪಿತೊಂಬಾ ಒಂದು ಕಣ್ಣಿನಿಂದ ಸುತ್ತುಗಳನ್ನೆಲ್ಲ ನೋಡಿಕೊಂಡು, ಅವನು ಬೆನ್ನು ತಿರುಗಿಸುವ ಮೊದಲೇ ಒಂದೊಂದಾಗಿ ಬಿಚ್ಚಿ, ತಂತಿಯನ್ನು ಅವನ ಕೈಗೆ ಕೊಟ್ಟಿತು. ಇನ್ನೊಂದು ಹೊತ್ತಾಗಿದ್ದರೆ ಅದನ್ನು ಹಾಗೆ ನೋಡುತ್ತಲೇ ದಿನ ಕಳೆಯುತ್ತಿದ್ದ.

ಗೇಟಿಗೆ ಬರುವವರನ್ನು ಬಾಗಿಲಲ್ಲೇ ನಿಂತು ತಡೆಯಬಹುದು. ಸಂಜೆಯ ಗತಿಯೇನು? ದೋನಾ ಅವರ ಕೇಕಿನ ಸುತ್ತ ವಠಾರವೇ ಸೇರುತ್ತದೆ. ಹುಟ್ಟುಹಬ್ಬದ ಹಾಡು ಶುರುವಾದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅಷ್ಟು ಕೈ, ಅಷ್ಟು ತಲೆ! ಯಾವುದಾದರೊಂದು ತಲೆಯ ಮೇಲೆ ಪಿತೊಂಬಾ ಇಳಿಯುವುದು ಖಂಡಿತ, ದೋಣಿ ಹತ್ತುವುದೂ ಖಂಡಿತ.

ಮಧ್ಯಾಹ್ನದ ಬಿಸಿಲಿನಲ್ಲಿ ಅಬಿಲಿಯೊ ಮನೆಮನೆ ತಿರುಗಿದ. “ಇವತ್ತೊಂದು ದಿನ ಹಾಡಿ, ತಟ್ಟಬೇಡಿ. ನನ್ನ ಹಕ್ಕಿಯ ಪ್ರಾಣ ನಿಮ್ಮ ಕೈಯಲ್ಲಿದೆ.”

ಎಲ್ಲರೂ ಒಳ್ಳೆಯವರೇ. ಆಗಲಿ ಎಂದರು. ಒನೊರಾತು ಮಾತ್ರ ಗಲ್ಲ ಕೆರೆದುಕೊಂಡ. “ನಾಲಿಗೆ ಒಪ್ಪುತ್ತೆ ಕೊಂಪಾದ್ರೆ. ಕೈ ಒಪ್ಪುತ್ತಾ? ಒಂದ್ಸಲ ನೋಡೇಬಿಡೋಣ.”

ಜುಲೈದಿಯ ಹೊಲಿಗೆ ಕೋಣೆಯಲ್ಲಿ ತಾಲೀಮು ನಡೆಯಿತು. ಬಾಯಿ ತೆರೆದದ್ದೇ ತಡ ಕೈಗಳು ತಾವಾಗಿ ಎದ್ದವು. ಎರಡನೆಯ ಸಲಕ್ಕೆ ಒನೊರಾತು ತನ್ನ ಕೈಗಳ ಮೇಲೆ ತಾನೇ ಕೂತ. ಜುಲೈದಿ ಎರಡು ಕೈಯಲ್ಲೂ ಬಟ್ಟೆಯ ಸುರುಳಿ ಹಿಡಿದಳು. ಉಳಿದವರು ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು ನಿಂತರು. ಈಗ ಕೈಗಳು ಸುಮ್ಮನಾದವು, ಹಾಡಿಗೆ ತಾಳ ತಪ್ಪಿತು. ಸಾಲು ಸಾಲೂ ಎಳೆಯುತ್ತ ಎಳೆಯುತ್ತ ಹೋಗಿ ಹೆಣ ಎತ್ತುವಾಗ ಹಾಡುವ ಸ್ತೋತ್ರದಂತಾಯಿತು. ಯಾರೋ ಕಣ್ಣೊರೆಸಿಕೊಂಡರು ಕೂಡ.

ಮೇಲಿನ ಕಿಟಕಿ ತೆರೆಯಿತು. “ಯಾರು ಹೋದ್ರು?” ಎಂದು ದೋನಾ ಫಿಲೊಮೆನಾ ಕೇಳಿದರು.

“ಯಾರೂ ಇಲ್ಲ ದೋನಾ!” ಜುಲೈದಿ ಗಾಬರಿಯಿಂದ ಕೂಗಿದಳು. “ಇನ್ನೂ ಯಾರೂ ಇಲ್ಲ!”

ಕಿಟಕಿ ನಿಧಾನವಾಗಿ ಮುಚ್ಚಿತು.

ಸಂಜೆ ಅಂಗಳದಲ್ಲಿ ಮೇಜು ಹಾಕಿದರು. ಕುಪುವಾಸು ಹಣ್ಣಿನ ಕೇಕು, ಗೋಡಂಬಿ ಹಣ್ಣಿನ ಪಾನಕ, ಕಾಗದದ ಬಾವುಟ, ಯಾವುದಕ್ಕೂ ಕೊರತೆಯಿರಲಿಲ್ಲ. ಪಿತೊಂಬಾ ಎಲ್ಲೆಂದು ಹುಡುಕುವ ಅಗತ್ಯವೂ ಇರಲಿಲ್ಲ. ಮಾವಿನ ಮರದ ಕೆಳಗಿನ ಕೊಂಬೆಯಲ್ಲಿ ತಲೆಕೆಳಗಾಗಿ ನೇತುಬಿದ್ದು, ಕೇಕಿನ ಮೇಲಿನ ಮೇಣದಬತ್ತಿಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿತ್ತು.

ಹಾಡು ಶುರುವಾಯಿತು. ಒಬ್ಬರ ಕೈಯೂ ಏಳಲಿಲ್ಲ. ಒನೊರಾತು ಎರಡು ಕೈಯನ್ನೂ ಜೇಬಿನಲ್ಲಿ ತೂರಿಸಿ ಮೊಣಕೈ ನಡುಗಿಸುತ್ತಿದ್ದ. ಅಬಿಲಿಯೊ ಒಂದೊಂದು ಕೈಯನ್ನೂ ಕಾವಲುಗಾರನಂತೆ ನೋಡಿದ. ಹಕ್ಕಿ ಕದಲಲಿಲ್ಲ. ಕೊನೆಯ ಸಾಲು ಎಳೆದು ಎಳೆದು ಮುಗಿಯಿತು. ಗೆದ್ದೆ ಎಂದು ಅವನು ಉಸಿರು ಬಿಟ್ಟ.

ಮೇಣದಬತ್ತಿಗಳ ಹಿಂದೆ ದೋನಾ ಅವರ ಮುಖ ಸಣ್ಣದಾಗಿತ್ತು.

“ನನ್ನ ಗಂಡ ತೀರಿಕೊಂಡ ದಿನಾನೂ ಇಷ್ಟು ಬೇಜಾರಾಗಿ ಹಾಡಿರಲಿಲ್ಲ ನೀವು,” ಎಂದರು. “ಎಪ್ಪತ್ತು ವರ್ಷ ಬದುಕಿದೀನಿ. ಒಬ್ಬರಿಗೂ ಒಂದು ಚಪ್ಪಾಳೆ ತಟ್ಟಬೇಕು ಅನ್ನಿಸಲಿಲ್ವಾ?”

ಎಲ್ಲರೂ ಅಬಿಲಿಯೊನನ್ನು ನೋಡಿದರು. ಅಬಿಲಿಯೊ ನೆಲ ನೋಡಿದ.

“ಹೋಗಲಿ ಬಿಡಿ. ನನಗೆ ನಾನೇ ತಟ್ಕೋತೀನಿ.”

ದೋನಾ ಫಿಲೊಮೆನಾ ಮೂಗೇರಿಸಿ, ಉಂಗುರದ ಕೈಗಳನ್ನೆತ್ತಿ, ಇಡೀ ಅಂಗಳಕ್ಕೆ ಕೇಳುವಂತೆ ತಟ್ಟಿದರು.

ಅಷ್ಟು ದೊಡ್ಡ ಅಂಗಳದಲ್ಲಿ ಚಪ್ಪಾಳೆ ತಟ್ಟಿದವರು ಅವರೊಬ್ಬರೇ. ಪಿತೊಂಬಾಗೆ ಯೋಚಿಸುವ ಪ್ರಮೇಯವೇ ಬರಲಿಲ್ಲ. ನೆಟ್ಟಗೆ ಬಂದು, ಮತ್ತೆ ಸರಿಮಾಡಿಸಿದ್ದ ಹೂಕೋಸಿನ ಮೇಲೆ ಇಳಿಯಿತು.

ದೋನಾ ಬಾಯಿ ತೆರೆಯುವ ಮೊದಲೇ ಒನೊರಾತು ಜೇಬಿನಿಂದ ಎರಡೂ ಕೈ ಕಿತ್ತು ಮುಂದೆ ನುಗ್ಗಿದ.

“ಉಡುಗೊರೆ ದೋನಾ! ಅಬಿಲಿಯೊನ ಉಡುಗೊರೆ! ನಿಮ್ಮೊಬ್ಬರ ಚಪ್ಪಾಳೆಗೇ ಬರಲಿ ಅಂತ ನಮ್ಮೆಲ್ಲರ ಕೈ ಕಟ್ಟಿಹಾಕಿದ್ದ, ಪುಣ್ಯಾತ್ಮ! ಬೆಳಿಗ್ಗೆದೂ ತಾಲೀಮೇ!”

“ಹೌದು ಹೌದು,” ಎಂದಳು ಜುಲೈದಿ. “ತಿಂಗಳುಗಟ್ಟಲೆ ಕಲಿಸಿದ್ರು!”

ಅದು ಸುಳ್ಳಲ್ಲವೆಂಬುದೇ ಅಬಿಲಿಯೊನ ಸಂಕಟ. ಹೌದೆಂದರೆ ಹಕ್ಕಿ ದೋನಾ ಪಾಲು, ಅಲ್ಲವೆಂದರೆ ಬೆಕ್ಕುಗಳ ಪಾಲು. ಅವನ ತಲೆ ಹೇಗೋ ತಾನಾಗಿ ಆಡಿತು, ಮೇಲಕ್ಕೂ ಕೆಳಕ್ಕೂ.

ಪಿತೊಂಬಾ ಹೂಕೋಸಿನಿಂದ ಇಳಿದು ದೋನಾ ಹೆಗಲ ಮೇಲೆ ಕೂತು, ಬೀಜ ಎಲ್ಲಿ ಎಂಬಂತೆ ಅವರ ಬಾಯಿಯನ್ನೇ ನೋಡಿತು. ದೋನಾ ಕೂಡ ಅದನ್ನು ನೋಡಿದರು. ಬೋಳು ಕೆನ್ನೆ, ಗಂಭೀರ ಕಣ್ಣು. ಬಹಳ ವರ್ಷಗಳಿಂದ ಯಾರೂ ಅವರ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಕುತೂಹಲದಿಂದ ನೋಡಿರಲಿಲ್ಲವೇನೋ.

“ನಾನು ಕರೆದೆ,” ಎಂದರು ಮೆಲ್ಲಗೆ. “ಇದು ಬಂತು.”

ಒಂದು ತುಂಡು ಕೇಕು ಮುರಿದು ಕೊಟ್ಟರು.

“ಅಯ್ಯೋ, ಸಕ್ಕರೆ ಕೊಡಬಾರದು ದೋನಾ—” ಎಂದ ಅಬಿಲಿಯೊನ ಮಾತು ಅಂಗಳದ ಚಪ್ಪಾಳೆಯಲ್ಲಿ ಮುಳುಗಿತು. ಇಷ್ಟು ಹೊತ್ತು ತಡೆದಿದ್ದ ಕೈಗಳೆಲ್ಲ ಒಟ್ಟಿಗೆ ಸಿಡಿದಿದ್ದವು. ಆ ಗದ್ದಲದಲ್ಲಿ ಅವನೂ ತಟ್ಟಿದ, ತನ್ನದೇ ರೀತಿಯಲ್ಲಿ, ಎದೆಯ ಹತ್ತಿರ, ಸ್ಪಷ್ಟವಾಗಿ. ಪಿತೊಂಬಾ ಒಂದು ಕಣ್ಣಿನಿಂದ ಅವನತ್ತ ನೋಡಿತು. ಗುರುತು ಹಿಡಿಯಿತು, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಕೇಕಿಗೆ ತಿರುಗಿಕೊಂಡಿತು.

ಜನ ಚದುರಿ, ಮೇಜು ಒಳಗೆ ಹೋದ ಮೇಲೂ ಅಬಿಲಿಯೊ ದೋನಾ ಅವರ ಮೆಟ್ಟಿಲ ಬಳಿ ಟೋಪಿ ತಿರುವುತ್ತ ನಿಂತಿದ್ದ.

“ದೋನಾ, ಇದನ್ನ ಸಾಕೋದು ಕಷ್ಟ. ದಿನಾ ಸ್ನಾನ ಆಗಬೇಕು. ಕಡಿಯೋಕೆ ಮರದ ತುಂಡು ಬೇಕು. ಕತ್ತಲಾದ ತಕ್ಷಣ ಪಂಜರಕ್ಕೆ ಬಟ್ಟೆ ಹೊದಿಸಬೇಕು. ಬೆಣ್ಣೆಹಣ್ಣು ಮುಟ್ಟಿಸಲೇಬಾರದು, ಸತ್ತೇಹೋಗುತ್ತೆ.”

“ಹೌದಾ? ಹಾಗಾದ್ರೆ ನೀನೇ ಬಂದು ಮಾಡು ಮಗನೇ. ಬೆಳಿಗ್ಗೆ ಪಂಜರ ತೊಳಿ, ಸ್ನಾನ ಮಾಡಿಸು, ತಿನ್ನೋಕೆ ಕೊಡು. ಸಂಜೆ ಬಂದು ಬಟ್ಟೆ ಹೊದಿಸಿ ಹೋಗು.”

“ಅಷ್ಟೆಲ್ಲಾ ನಾನೇ ಮಾಡೋದಾದ್ರೆ,” ಅಬಿಲಿಯೊನ ಮುಖ ಅರಳಿತು, “ಅದು ನಮ್ಮನೇಲೇ ಇರಲಿ ಅಲ್ವಾ ದೋನಾ? ನೀವು ಕಿಟಕಿಯಿಂದ ತಟ್ಟಿ, ನಾನೇ ಹಾರಿಸಿಕೊಡ್ತೀನಿ. ಕೊಟ್ಟುಬಿಡಿ.”

ದೋನಾ ಫಿಲೊಮೆನಾ ಕೇಕಿನ ಚೂರು ಅಂಟಿದ ಕೊಕ್ಕನ್ನು ತಮ್ಮ ಶಾಲಿನ ತುದಿಯಿಂದ ಒರೆಸಿದರು.

“ಕೊಡಲ್ಲ.”